ಹಗ್ಗ ಹಿಡಿಯುವವರು

ಕಪಿಲೆಯ ದಂಡೆಯ ಮೇಲೊಂದು ವಿದ್ಯಾಪೀಠವಿತ್ತು. ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವುದನ್ನೇ ಅಲ್ಲಿ ದೊಡ್ಡವರು ಕೂತು ಕಲಿಯುತ್ತಿದ್ದರು. ಹಿರಿಯ ಗುರುಗಳು ಮರಿದೇವರು. ಅವರ ಶಿಷ್ಯ ಪ್ರಭುಸ್ವಾಮಿ ಅಲ್ಲೇ ಓದಿ, ಅಲ್ಲೇ ಮೇಷ್ಟ್ರಾಗಿ, ಗುರುಗಳ ಮಾತು ನೆಲಕ್ಕೆ ಬೀಳದ ಹಾಗೆ ಓಡಾಡಿಕೊಂಡಿದ್ದವನು.

ಅಂಥ ಪ್ರಭುಸ್ವಾಮಿ ಆವತ್ತು ಸಂಜೆ ಬಸ್ಸಿಳಿದು ಬಂದವನೇ ಚಪ್ಪಲಿ ಅತ್ತ ಒಂದು ಇತ್ತ ಒಂದು ಬಿಟ್ಟು, ಗುರುಗಳ ಜಗುಲಿಯ ಮೇಲೆ ದೊಪ್ಪನೆ ಕೂತ.

"ಸಾಕಾಗಿ ಹೋಯ್ತು ಗುರುಗಳೇ. ಬೊಮ್ಮಮ್ಮನವರು ಬರಲ್ಲ."

"ಬರಲ್ಲ ಅಂದರಾ?"

"ಹಾಗೂ ಅನ್ನಲ್ಲ. ಅಂದಿದ್ದರೆ ನನ್ನ ತಲೆನೋವಾದರೂ ಕಳೀತಿತ್ತು."

ವಿಷಯ ಇಷ್ಟೇ. ಪೀಠಕ್ಕೆ ಹೊಸದಾಗಿ ಒಂದು ಸಂಶೋಧಕರ ಹುದ್ದೆ ಬಂದಿತ್ತು. ಕಾಡಂಚಿನ ಬುಡಕಟ್ಟು ಜನರ ಹಾಡಿಗಳ ಮಕ್ಕಳು ಶಾಲೆಯಲ್ಲಿ ಯಾಕೆ ನಿಲ್ಲುವುದಿಲ್ಲ, ಅವರಿಗೆ ಹೇಗೆ ಕಲಿಸಬೇಕು ಎಂದು ನೋಡುವ ಕೆಲಸ. ಆ ಜಾಗದಲ್ಲಿ ಕೂತವರು ಹೇಳಿದ ಹಾಗೆಯೇ ಇನ್ನು ಮುಂದೆ ಹಾಡಿಯ ಶಾಲೆಗಳು ನಡೆಯಬೇಕು. ಹಾಗಾದರೆ ಅಲ್ಲಿ ಹಾಡಿಯವರೇ ಕೂರಲಿ ಎಂದು ಮರಿದೇವರು ಆಡಳಿತ ಮಂಡಳಿಯ ಮುಂದೆ ಹಟ ಹಿಡಿದಿದ್ದರು.

ಮಂಡಳಿ ಒಪ್ಪಿತು. ಮಂಡಳಿಗಳು ಒಪ್ಪುವ ರೀತಿ ಗೊತ್ತಲ್ಲ, ಹಾಗೆ ಒಪ್ಪಿತು. ಶಿವರಾತ್ರಿಯೊಳಗೆ ಯಾರೂ ಬರದಿದ್ದರೆ ಪಟ್ಟಣದ ಪಂಡಿತರೊಬ್ಬರನ್ನು ಕೂರಿಸುತ್ತೇವೆ ಅಂದಿತು. ಆ ಪಂಡಿತರ ಬಾಯಲ್ಲಿ ಇದ್ದದ್ದು ಒಂದೇ ಮಾತು. ಹಾಡಿಯ ಶಾಲೆಗಳನ್ನು ಮುಚ್ಚಬೇಕು, ಮಕ್ಕಳನ್ನು ದೂರದ ಹಾಸ್ಟೆಲಿಗೆ ಸಾಗಿಸಬೇಕು. ಹಾಲುಹಲ್ಲು ಬೀಳದ ಮಕ್ಕಳನ್ನೂ.

ಶಿವರಾತ್ರಿಗೆ ಒಂದು ವಾರವೂ ಉಳಿದಿರಲಿಲ್ಲ.

ಬೊಮ್ಮಮ್ಮ ಜೇನುಕುರುಬರ ಹೆಣ್ಣುಮಗಳು. ಹಾಡಿಯ ಮಕ್ಕಳು ಕಲಿಯುವ ಬಗೆಯ ಮೇಲೆಯೇ ಪ್ರಬಂಧ ಬರೆದು ಡಾಕ್ಟರ್ ಆದವರು. ಪದವಿ ತಗೊಂಡು ನೇರ ತಮ್ಮ ಹಾಡಿಗೇ ವಾಪಸ್ ಹೋಗಿ, ಅಲ್ಲಿನ ಶಾಲೆಯಲ್ಲಿ ಕಲಿಸಿಕೊಂಡಿದ್ದರು. ದೀಪ ಹಿಡಿದು ಹುಡುಕಿದರೂ ಆ ಹುದ್ದೆಗೆ ಅವರಿಗಿಂತ ತಕ್ಕವರು ಸಿಗುತ್ತಿರಲಿಲ್ಲ. ಇದು ಪ್ರಭುಸ್ವಾಮಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಸಿಟ್ಟು.

"ಮೊದಲ ಸಲ ಹೋದಾಗ ಏನು ಹೇಳಿದೆ?" ಗುರುಗಳು ಕೇಳಿದರು.

"ಸಂಬಳ ಹೇಳಿದೆ. ಹೊಳೆ ಕಡೆ ಮುಖ ಇರೋ ಮನೆ ಕೊಡ್ತೀವಿ ಅಂದೆ."

"ಅವರೇನಂದರು?"

"'ಅಲ್ಲಿ ನನ್ನ ಜೊತೆ ಯಾರಿರ್ತಾರೆ ಸಾರ್?' ಅಂದರು. ಹುದ್ದೆ ಒಂದೇ, ನೀವೊಬ್ಬರೇ ಅಂದೆ. ನಿಮ್ಮ ಜನದಲ್ಲಿ ಇಷ್ಟು ಮೇಲಿನ ಜಾಗಕ್ಕೆ ಬರೋ ಮೊದಲನೆಯವರು ನೀವು, ಎಂಥ ಗೌರವ ಅಂದೆ."

ಗುರುಗಳು ಕಣ್ಣು ಮುಚ್ಚಿಕೊಂಡರು.

"ಗೌರವ ಕೇಳಿ ಏನು ಮಾಡಿದರು?"

"ನಕ್ಕರು. ಮಕ್ಕಳಿಗೆ ಊಟ ಬಡಿಸೋಕೆ ಎದ್ದು ಹೋದರು."

"ಎರಡನೇ ಸಲ?"

"ಇನ್ನೂ ದೊಡ್ಡ ಗೌರವ ಹೇಳಿದೆ. ಬಾಗಿಲ ಮೇಲೆ ನಿಮ್ಮ ಹೆಸರಿನ ಹಲಗೆ ಹಾಕಿಸ್ತೀವಿ ಅಂದೆ."

"ಅಯ್ಯೋ ಶಿವನೇ."

"'ಚಂದ್ರು ನೆನಪಿದ್ದಾನಾ ಸಾರ್?' ಅಂದರು."

ಚಂದ್ರು ಅದೇ ಹಾಡಿಯವನು. ಹಿಂದೆ ಪೀಠದಲ್ಲಿ ಸಹಾಯಕನಾಗಿದ್ದ. ಅತಿಥಿಗಳು ಬಂದಾಗಲೆಲ್ಲ ಅವನನ್ನು ಕರೆಸಿ ಹಾಡು ಹೇಳಿಸುತ್ತಿದ್ದರು. ಅವನು ಬರೆದದ್ದರ ಮೇಲೆ ಇನ್ಯಾರದೋ ಹೆಸರು ಬರುತ್ತಿತ್ತು. ಒಂದು ದಿನ ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿಯೇ ಬಿಟ್ಟ. ಗುರುಗಳು ಆಗ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದರು. ಸಭೆಯಲ್ಲಿದ್ದವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಆ ತಿಂಗಳೇ ಚಂದ್ರು ಗಂಟುಮೂಟೆ ಕಟ್ಟಿದ.

"'ಆ ಸಭೆಯಲ್ಲಿ ನೀವೂ ಇದ್ದಿರಂತೆ ಸಾರ್' ಅಂದರು ಬೊಮ್ಮಮ್ಮ. 'ಫ್ಯಾನ್ ನೋಡ್ತಾ ಕೂತಿದ್ದಿರಂತೆ.'"

"ನೋಡ್ತಿದ್ದೆಯಾ?"

"ಅದು ಸದ್ದು ಮಾಡ್ತಿತ್ತು ಗುರುಗಳೇ."

ಮರಿದೇವರು ಅವನನ್ನೇ ದಿಟ್ಟಿಸಿದರು. ಪ್ರಭುಸ್ವಾಮಿ ಹೊಳೆಯ ಕಡೆ ತಿರುಗಿ ಕೂತ.

"ಸರಿ. ಇವತ್ತು?"

"ಇವತ್ತು 'ನನ್ನ ತಮ್ಮನನ್ನ ಕೇಳಿ' ಅಂದರು. ತಮ್ಮ ಕಾಳಯ್ಯ ಅಂಗಳದಲ್ಲಿ ಹಗ್ಗ ಹೊಸೀತಿದ್ದ. ನಾನು ಹುದ್ದೆಯ ವಿಷಯ ಎತ್ತಿದರೆ ಆತ ಜೇನಿನ ವಿಷಯ ಎತ್ತಿದ."

"ಏನಂತ?"

"ಬಂಡೆಗೆ ಕಟ್ಟಿದ ಹೆಜ್ಜೇನು ಕೀಳೋಕೆ ಅವನ ಭಾವ, ಅಂದರೆ ಬೊಮ್ಮಮ್ಮನ ಗಂಡ, ಹಗ್ಗ ಕಟ್ಟಿಕೊಂಡು ಇಳೀತಾನಂತೆ. ಮೇಲೆ ನಿಂತು ಆ ಹಗ್ಗ ಹಿಡಿಯೋನು ಇವನೇ ಅಂತೆ. ಹೆಂಡತಿಯ ಅಣ್ಣನೋ ತಮ್ಮನೋ ಹಿಡೀಬೇಕಂತೆ. ಇಳಿಯೋನ ಸ್ವಂತ ಒಡಹುಟ್ಟಿದವನ ಕೈಗೂ ಕೊಡಲ್ಲವಂತೆ. ನಾನೂ ಇದು ಯಾವಾಗ ಮುಗಿಯುತ್ತಪ್ಪ ಅಂತ ಕಾದೆ. ಕೊನೆಗೆ, 'ನಿಮ್ಮಲ್ಲಿ ನಮ್ಮಕ್ಕನ ಹಗ್ಗ ಯಾರು ಹಿಡೀತೀರಿ ಸಾರ್?' ಅಂದ."

"ನೀನೇನಂದೆ?"

"ಅಲ್ಲಿ ಬಂಡೆ ಗಿಂಡೆ ಏನೂ ಇಲ್ಲಪ್ಪ, ನೆಲ ಸಮ ಇದೆ, ಹೊಳೆಗಿಳಿಯೋಕೂ ಮೆಟ್ಟಿಲಿದೆ ಅಂದೆ."

ಮರಿದೇವರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು.

"ಅದಕ್ಕೆ ಆತ?"

"ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಟೀ ಕುಡೀತೀರಾ ಅಂದ."

"ಕುಡಿದೆಯಾ?"

"ಕುಡಿದೆ."

"ಸದ್ಯ, ಅದೊಂದಾದರೂ ಸರಿಯಾಗಿ ಮಾಡಿದೆ. ಹೋಗಿ ಮಲಗು."

ಬೆಳಿಗ್ಗೆ ಗುರುಗಳು ಅವನನ್ನು ಪೀಠದ ಹಿಂದಿನ ಹಳೇ ಬಾವಿಯ ಹತ್ತಿರ ಕರೆದರು. ನೀರು ತಳ ಸೇರಿತ್ತು, ಕಲ್ಲುಗಳ ಮೇಲೆಲ್ಲ ಪಾಚಿ. ಗುರುಗಳು ತಮ್ಮ ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಸುಮ್ಮನೆ ಒಳಗೆ ಬಿಟ್ಟರು. ಠಣ್ ಠಣ್ ಎಂದು ಬಡಿದುಕೊಂಡು ಹೋಗಿ ಅದು ತಳ ಸೇರಿತು.

"ಇಳಿದು ತೆಗಿ."

ಹಿಂದಿನ ದಿನದ ಬಿಸಿಲಿನ ದಣಿವೇ ಇನ್ನೂ ಇಳಿದಿರಲಿಲ್ಲ, ಈಗ ಇದೊಂದು. ಪ್ರಭುಸ್ವಾಮಿ ಮನಸ್ಸಿನಲ್ಲೇ ಗೊಣಗಿಕೊಂಡು ಸೊಂಟಕ್ಕೆ ಹಗ್ಗ ಬಿಗಿದ. ಗುರುಗಳು ಅದರ ಇನ್ನೊಂದು ತುದಿಯನ್ನು ಷಡಕ್ಷರಿಯ ಕೈಗೆ ಕೊಟ್ಟರು.

ಷಡಕ್ಷರಿಯೂ ಅಲ್ಲಿನ ಮೇಷ್ಟ್ರೇ. ಇಬ್ಬರೂ ಒಂದೇ ವರ್ಷ ಸೇರಿದವರು. ಗುರುಗಳ ಬಲಗೈಯಂತಿದ್ದ ಪ್ರಭುಸ್ವಾಮಿಯ ಜಾಗದ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

ಬಾವಿಯ ಕಟ್ಟೆ ದಾಟಲು ಎತ್ತಿದ ಕಾಲನ್ನು ಪ್ರಭುಸ್ವಾಮಿ ಕೆಳಗಿಟ್ಟ.

"ಗುರುಗಳೇ, ನೀವೇ ಹಿಡೀಬಹುದಲ್ಲ."

"ನನ್ನ ವಯಸ್ಸು ನೋಡು. ಅವನ ತೋಳು ನೋಡು."

"ತೋಟದ ಮಾದಣ್ಣನನ್ನ ಕರೀಲಾ?"

"ಯಾಕೆ? ಷಡಕ್ಷರಿಗೇನಾಗಿದೆ? ನಿಮಗಿಬ್ಬರಿಗೂ ಒಂದೇ ಮಡಕೆಯ ಮುದ್ದೆ ಹಾಕಿ ಬೆಳೆಸಿದ್ದೀನಿ."

ಪ್ರಭುಸ್ವಾಮಿ ಗುರುಗಳ ಕಿವಿಯ ಹತ್ತಿರ ಬಾಯಿ ಒಯ್ದ. "ನಾನು ಬಿದ್ದರೆ ನನ್ನ ಜಾಗ ಅವನಿಗೇ ಹೋಗೋದು."

"ಕೇಳಿಸ್ತು ಕಣೋ," ಅಂದ ಷಡಕ್ಷರಿ. "ಬಿಡಲ್ಲ, ಇಳಿ."

"ಬಿಡಲ್ಲ ಅಂತಿದ್ದಾನಲ್ಲ," ಅಂದರು ಗುರುಗಳು.

"ಬಾಯಿಮಾತಿಗೇನು ಗುರುಗಳೇ."

"ಓಹೋ. ಬಿಚ್ಚು ಹಾಗಾದರೆ."

ಷಡಕ್ಷರಿ ಹಗ್ಗ ಬಿಸಾಕಿ, ಮುಖ ಊದಿಸಿಕೊಂಡು ಹೊರಟುಹೋದ. ಪ್ರಭುಸ್ವಾಮಿ ಗಂಟು ಬಿಚ್ಚುತ್ತ ಬಿಚ್ಚುತ್ತ ನಿಧಾನ ಮಾಡಿದ. ಆಮೇಲೆ ಕೈ ನಿಂತೇ ಹೋಯಿತು.

"ಭಾವ ಬಿದ್ದರೆ ಅಕ್ಕ ಮಕ್ಕಳನ್ನ ಕಟ್ಟಿಕೊಂಡು ಕಾಳಯ್ಯನ ಬಾಗಿಲಿಗೇ ಬರಬೇಕು," ಅಂದ. "ಅದಕ್ಕೇ ಅವನು ಹಗ್ಗ ಬಿಡಲ್ಲ."

ಆಮೇಲೆ ಹಣೆ ಚಚ್ಚಿಕೊಂಡ.

"ಥೂ, ನಾನೆಂಥ ಪೆದ್ದ. ಮೆಟ್ಟಿಲಿದೆ ಅಂದೆನಲ್ಲ." ಪ್ರಭುಸ್ವಾಮಿ ಚಪ್ಪಲಿ ಹುಡುಕಿದ. "ಈಗಲೇ ಹೋಗ್ತೀನಿ. ನಿಮ್ಮಕ್ಕನ ಹಗ್ಗ ನಾನು ಹಿಡೀತೀನಪ್ಪ ಅಂತ ಹೇಳಿಬರ್ತೀನಿ."

"ಕೂತ್ಕೋ."

ಕೂತ.

"ಆಕೆ ಇಲ್ಲಿಂದ ಬಿದ್ದರೆ ನಿನ್ನದೇನು ಹೋಗುತ್ತೆ?"

"ಬೇಜಾರಾಗುತ್ತೆ ಗುರುಗಳೇ."

"ಎಷ್ಟು ಹೊತ್ತು?"

ಪ್ರಭುಸ್ವಾಮಿ ಸೊಂಟದ ಗಂಟನ್ನು ಮತ್ತೆ ಬಿಚ್ಚತೊಡಗಿದ.

"ಚಂದ್ರು ಹೋದ ದಿನ ಮಧ್ಯಾಹ್ನ ಊಟ ಬಿಟ್ಟೆಯಾ?"

"ಇಲ್ಲ. ಮಾಡಿದ್ದೆ."

"ಹಾಗಾದರೆ ಹಗ್ಗಾನ ಆ ಬೇವಿನ ಮರಕ್ಕೆ ಕಟ್ಟಿ ಬಾ. ಮರಕ್ಕೂ ಸ್ವಲ್ಪ ಬೇಜಾರಾಗುತ್ತೆ."

ಪ್ರಭುಸ್ವಾಮಿಗೆ ರೇಗಿಹೋಯಿತು. ಗುರುಗಳ ಮುಂದೆ ಅವನು ದನಿ ಎತ್ತಿದವನಲ್ಲ, ಆವತ್ತು ಎತ್ತಿದ.

"ಮತ್ತೆ ನಾನೇನು ಮಾಡಲಿ? ಆಕೆಯ ತಮ್ಮನಾಗಿ ಹುಟ್ಟಿ ಬರಲಾ? ಹೋದರೂ ತಪ್ಪು, ಬಂದರೂ ತಪ್ಪು, ಬಾಯಿಬಿಟ್ಟರೂ ತಪ್ಪು. ನಿಮ್ಮ ಜೊತೆ ಏಗಿ ಏಗಿ ನನಗೆ ಸಾಕಾಗಿದೆ."

"ನನಗೂ," ಅಂದು ಮರಿದೇವರು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಆವತ್ತು ಪ್ರಭುಸ್ವಾಮಿ ಪಾಠ ಮಾಡಲಿಲ್ಲ. ಮಾವಿನ ತೋಪಿನಲ್ಲಿ ಶತಪಥ ತಿರುಗಿದ. ಗುರುಗಳನ್ನು ಬೈದ, ಕಾಳಯ್ಯನನ್ನು ಬೈದ, ಮಂಡಳಿಯನ್ನು ಬೈದ. ಬೈಯಲು ಇನ್ನು ಯಾರೂ ಸಿಗದೆ ಹೋದಾಗ ಆ ಹಾಡಿಯ ಶಾಲೆ ನೆನಪಾಯಿತು. ಬೊಮ್ಮಮ್ಮ ಬಡಿಸುತ್ತಿದ್ದರು, ಸಾಲಾಗಿ ಕೂತ ಮಕ್ಕಳು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ಕಿಸಿಕಿಸಿ ನಗುತ್ತಿದ್ದವು. ಅವನನ್ನು ನೋಡಿಯೇ ನಗುತ್ತಿದ್ದವೋ ಏನೋ. ಶಿವರಾತ್ರಿ ಕಳೆದರೆ ಆ ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತಾರೆ.

ಮಧ್ಯಾಹ್ನ ನೇರವಾಗಿ ಆಡಳಿತ ಮಂಡಳಿಯ ಅಧ್ಯಕ್ಷರ ಕೋಣೆಗೆ ಹೋದ. ಷಡಕ್ಷರಿ ಅಲ್ಲೇ ಇದ್ದ.

"ಒಂದು ನಿರ್ಣಯ ಬರೆದುಕೊಳ್ಳಿ ಸಾರ್," ಅಂದ ಪ್ರಭುಸ್ವಾಮಿ. "ಬೊಮ್ಮಮ್ಮನವರು ಇಲ್ಲಿಗೆ ಬಂದ ಮೇಲೆ, ಇಲ್ಲಿಯವರ ನಡತೆಗೆ ಬೇಸತ್ತು ಯಾವ ದಿನ ಹೊರಟರೂ ಸರಿ, ಅವತ್ತೇ ನನ್ನ ಕೆಲಸವೂ ಹೋಗಬೇಕು."

ಅಧ್ಯಕ್ಷರು ಕನ್ನಡಕ ತೆಗೆದರು. "ಬಿಸಿಲು ತಲೆಗೇರಿದೆಯೇನ್ರಿ?"

"ಇರಬಹುದು. ಬರೆದುಕೊಳ್ಳಿ."

"ಬೇಸತ್ತು ಹೊರಟರು ಅಂತ ತೀರ್ಮಾನ ಮಾಡೋದು ಯಾರು? ನಾವಾ?"

"ಅವರೇ. ಅವರ ಮಾತೇ ಕೊನೆ."

ಅಧ್ಯಕ್ಷರು ಯೋಚಿಸಿದರು. ಮಂಡಳಿಯ ಗಂಟೇನೂ ಹೋಗುವಂತಿರಲಿಲ್ಲ.

"ಒಳ್ಳೇದೇ ಅಲ್ಲವಾ ಸಾರ್, ಬರ್ಕೊಳ್ಳಿ," ಅಂದ ಷಡಕ್ಷರಿ. ಪೆನ್ನಿನ ಮುಚ್ಚಳ ತೆಗೆದುಕೊಟ್ಟವನೂ ಅವನೇ.

ಸಂಜೆ ಮರಿದೇವರು ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಪ್ರಭುಸ್ವಾಮಿ ಬಂದು ಎರಡು ಮೆಟ್ಟಿಲು ಕೆಳಗೆ ನಿಂತ. ಕೂರುವಷ್ಟು ಸಮಾಧಾನ ಅವನಲ್ಲಿರಲಿಲ್ಲ.

"ಮಾಡಿಬಂದೆ ಗುರುಗಳೇ. ಆಕೆ ಹೋದರೆ ನಾನೂ ಹೋದೆ. ಬರೆಸಿಕೊಟ್ಟು ಬಂದಿದ್ದೀನಿ. ಈಗ ನಿಮಗೆ ತಂಪಾಯ್ತಾ?"

ಗುರುಗಳು ಹೊಳೆ ನೋಡುತ್ತಲೇ ಇದ್ದರು.

"ಮನೆಗೆ ಹೋಗಿ ಹೇಳಿದೆ. ನನ್ನ ಹೆಂಡತಿ ಒಂದು ಗಳಿಗೆ ಬಾಯಿಗೆ ಬಂದದ್ದೆಲ್ಲ ಬೈದಳು. ಆಮೇಲೆ ಶುರು ಮಾಡಿದಳು. ಅವರಿಗೆ ಇಲ್ಲಿ ಊಟ ಒಗ್ಗುತ್ತಾ, ಹೊಳೆ ಕಡೆ ಮನೆ ಥಂಡಿ ಅಲ್ಲವಾ, ಅವರ ಭಾಷೆ ಆಡೋಕೆ ಇನ್ನೊಂದು ಜೀವ ಬೇಡವಾ, ಗಂಡನಿಗೇನು ಕೆಲಸ, ಮಕ್ಕಳು ಎಲ್ಲಿ ಓದಬೇಕು. ನಾನು ಒಂದನ್ನೂ ಕೇಳಿರಲಿಲ್ಲ. ಮೂರು ಸಲ ಹೋಗಿದ್ದೀನಿ ಗುರುಗಳೇ, ಇದರಲ್ಲಿ ಒಂದನ್ನೂ ಕೇಳಿಲ್ಲ."

"ಹೂಂ."

"ನಾಳೆ ಆಕೆ ಬಂದ ಮೇಲೆ ಯಾರೋ ಅತಿಥಿಗಳು ಬರ್ತಾರೆ. ಅಧ್ಯಕ್ಷರು ಆಕೆಗೆ ಒಂದು ಹಾಡು ಹೇಳಮ್ಮ ಅಂತಾರೆ. ನಾನು ಅಡ್ಡ ಹೋಗಲೇಬೇಕು. ಆಕೆ ಬರೆದದ್ದನ್ನ ಯಾರೋ ತಮ್ಮದು ಅಂತ ಒಯ್ತಾರೆ. ನಾನು ಕೂಗಾಡಲೇಬೇಕು. ಸಭೆಯಲ್ಲಿ ಫ್ಯಾನ್ ನೋಡ್ತಾ ಕೂರೋ ಹಾಗಿಲ್ಲ ಇನ್ನು. ಷಡಕ್ಷರಿ ಆಕೆಯನ್ನ ಓಡಿಸೋಕೆ ಏನೇನು ಕಿತಾಪತಿ ಮಾಡ್ತಾನೋ. ಆಕೆಗೆ ಜ್ವರ ಬಂದರೂ ನಾನೇ ಓಡಬೇಕು. ಇನ್ನೂ ಆಕೆ ಬಸ್ ಹತ್ತಿಲ್ಲ, ಹತ್ತುತ್ತೀನಿ ಅಂತಲೂ ಅಂದಿಲ್ಲ, ಆಗಲೇ ಇಷ್ಟೆಲ್ಲ ತಲೆಗೆ ಬರ್ತಿದೆ. ಎಂಥ ಕೆಲಸಕ್ಕೆ ಹಚ್ಚಿದಿರಿ ನನ್ನನ್ನ. ನನಗೆ ಭಯ ಆಗ್ತಿದೆ ಗುರುಗಳೇ."

ಮರಿದೇವರು ಮೊದಲ ಸಲ ಅವನ ಕಡೆ ತಿರುಗಿದರು. ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಮಾಡಿಕೊಟ್ಟರು.

"ಬೆಳಿಗ್ಗೆ ಮೊದಲ ಬಸ್ಸಿಗೆ ಹಾಡಿಗೆ ಹೋಗು. ಸಂಬಳ ಎತ್ತಬೇಡ, ಮನೆ ಎತ್ತಬೇಡ, ಗೌರವದ ಸುದ್ದಿಗಂತೂ ಹೋಗಲೇಬೇಡ. ಈಗ ನನಗೆ ಹೇಳಿದೆಯಲ್ಲ, ಭಯ ಆಗ್ತಿದೆ ಅಂತ, ಅಷ್ಟನ್ನ ಕಾಳಯ್ಯನಿಗೆ ಹೇಳು."