ಅಂಜೂರದ ಕೋಲು

"ಈ ಭೂಮಂಡಲದಲ್ಲಿ ಅಂಜೂರದ ಮರ ಅಂತಿದ್ದರೆ ಒಂದೇ. ಅದು ನನ್ನದು!"

ಬೆಣಚುಗುಡ್ಡದ ಪಾಳೆಯಗಾರ ಸರ್ಜಪ್ಪ ನಾಯಕ ಹೀಗೆ ಹೇಳಿದಾಗಲೆಲ್ಲ ಆಸ್ಥಾನದವರು "ಹೌದು ದೊರೆ" ಅನ್ನಬೇಕಿತ್ತು. ಭೂಮಂಡಲ ಅಂದರೆ ಅವನ ಕೋಟೆಯ ಮೇಲಿಂದ ಕಾಣುವಷ್ಟು ದೂರ. ಅದರಾಚೆಗೆ ಅವನೂ ಹೋಗಿರಲಿಲ್ಲ, ಅವರೂ ಹೋಗಿರಲಿಲ್ಲ.

ಯಾವನೋ ಕುದುರೆ ವ್ಯಾಪಾರಿ ನಾಯಕನ ಅಜ್ಜನಿಗೆ ಕೊಟ್ಟು ಹೋದ ಗಿಡ ಅದು. ಹಣ್ಣೆಲ್ಲ ನಾಯಕನ ಹೊಟ್ಟೆಗೆ, ಮಿಕ್ಕಿದ್ದು ಗಿಳಿಗಳಿಗೆ. ಪ್ರಜೆಗಳಿಗೆ ಸಿಕ್ಕಿದ್ದು ಒಂದು ಡಂಗುರ ಮಾತ್ರ: ಈ ಮರದ ಹಣ್ಣು ಕಿತ್ತ ಕೈ, ಕೊಂಬೆ ಕಡಿದ ಕೈ, ಯಾರದೇ ಇರಲಿ, ಕತ್ತರಿಸಲಾಗುವುದು.

ಇಂಥ ಊರಲ್ಲಿ ಕೊಟ್ರಯ್ಯನ ಹೆಂಡತಿ ನೀಲವ್ವನಿಗೆ ಬಸುರಿ ಬಯಕೆ ಹತ್ತಿತು. ಹುಣಿಸೆಕಾಯಿ ಕೇಳಲಿಲ್ಲ, ಕೆಮ್ಮಣ್ಣು ಕೇಳಲಿಲ್ಲ. "ನಂಗೆ ಅಂಜೂರ ಬೇಕು" ಅಂದಳು.

"ಲೇ, ಕೈ ಹೋಗ್ತದೆ!"

"ಹೋಗ್ಲಿ ಬಿಡ್ರಿ. ನೀವು ದುಡಿಯೋದು ಬಾಯಲ್ಲಿ ತಾನೆ?"

ಮಾತು ನಿಜ. ನಾಯಕನಿಗೆ ಬೇಸರವಾದಾಗ ನಗಿಸುವುದೇ ಆಸ್ಥಾನದಲ್ಲಿ ಕೊಟ್ರಯ್ಯನ ಉದ್ಯೋಗ. ಆದರೆ ದುಡಿದದ್ದನ್ನು ಉಣ್ಣಲಾದರೂ ಕೈ ಬೇಕಲ್ಲ! ಹೋಗಿ ಒಂದೇ ಒಂದು ಹಣ್ಣು ಬೇಡಿದ.

"ಇವತ್ತು ನಿನ್ನ ಹೆಂಡತಿ, ನಾಳೆ ಊರ ಬಸುರಿಯರೆಲ್ಲ!" ಅಂತ ನಾಯಕ ಗದರಿದ. "ನನ್ನ ಮರ ಏನು ಸೂಲಗಿತ್ತಿಯೇನೋ?"

ನೀಲವ್ವನಿಗೆ ಇದನ್ನು ಹೇಳಿದರೆ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. "ಒಂದು ಹಣ್ಣು ಬೇಡಿ ತರೋಕಾಗದ ಗಂಡ. ಹುಟ್ಟೋ ಕೂಸಿಗೆ ಏನಂತ ಪರಿಚಯ ಮಾಡಿಸಲಿ?"

ಅದು ಕೊಟ್ರಯ್ಯನಿಗೆ ನಾಟಿತು.

ಬೆಣಚುಗುಡ್ಡದಲ್ಲಿ ಒಂದು ಪದ್ಧತಿಯಿತ್ತು. ದೊರೆಯ ಕೈಯಿಂದ ಪೆಟ್ಟು ತಿಂದವನು ಹೊಡೆದ ಕೋಲನ್ನು ಹೊತ್ತುಕೊಂಡು ಹೋಗಿ ತನ್ನ ಮನೆಯ ಅಂಗಳದಲ್ಲೇ ನೆಡಬೇಕು. ಹೋಗಿಬರುವವರೆಲ್ಲ ನೋಡಿ ನಗಲಿ ಅಂತ. ದೊರೆ ಕೀಳು ಅನ್ನುವವರೆಗೆ ಕೀಳುವಂತಿಲ್ಲ. ಯಾವಾಗಲೂ ಒಣಬಿದಿರಿನ ಕೋಲು. ನಿಂತಲ್ಲೇ ಗೆದ್ದಲು ಹತ್ತುತ್ತಿತ್ತು.

ಕೊಟ್ರಯ್ಯ ಚಳಿಗಾಲ ಬರಲಿ ಅಂತ ಕಾದ. ಅಂಜೂರ ಎಲೆ ಉದುರಿಸಿ ನಿದ್ದೆಹೋಗಿತ್ತು. ನಾಯಕ ಅದರ ಬುಡದಲ್ಲಿ ಕೂತು ಬಿಸಿಲು ಕಾಯಿಸುತ್ತಿದ್ದ.

"ನನ್ನ ಅಂಜೂರದ್ದು ಎಲ್ಲವೂ ಶ್ರೇಷ್ಠ ಕಣೋ. ಹಣ್ಣು, ಎಲೆ, ನೆರಳು..."

"ಹೌದು ದೊರೆ. ಕೋಲು ಮಾತ್ರ ಸೌತೆಕಾಯಿ."

"ಏನಂದೆ?"

"ಮೆತ್ತಗೆ ಅಂದೆ. ಅದರಲ್ಲಿ ಹೊಡೆದರೆ ಸೊಳ್ಳೆಗೂ ಕಚಗುಳಿ. ಹೊಡೆಯೋರೂ ಅಷ್ಟೇ ಮೆತ್ತಗಿದ್ದರೆ ಮುಗಿದೇಹೋಯ್ತು."

ನಾಯಕ ಎದ್ದ. ಸೊಂಟದ ಬಾಕು ಹಿರಿದು ಕೈಗೆ ಸಿಕ್ಕ ಕೊಂಬೆಗೆ ಇಟ್ಟ.

"ಆ ಎಳೇದು ಬೇಡ ದೊರೆ, ಬಳುಕ್ತದೆ. ಬೂದುಬಣ್ಣಕ್ಕೆ ತಿರುಗಿರೋದು ನೋಡಿ, ಹೆಬ್ಬೆಟ್ಟು ದಪ್ಪದ್ದು. ಹಾಂ, ಗೆಣ್ಣಿನ ಕೆಳಗೇ ಕಡೀರಿ, ಹಿಡಿ ಚೆನ್ನಾಗಿ ಬರ್ತದೆ."

ಛಟೀರ್!

"ಎಲ್ಲಿ ಬಿತ್ತು ದೊರೆ?"

ನಾಯಕ ಇನ್ನೊಂದು ಕಡಿದ. ಛಟೀರ್!

"ಆಹಾ, ಅಲ್ಲೇ ತುರಿಸ್ತಿತ್ತು!"

ಮತ್ತೊಂದು ಕಡಿದ. ಇದು ಬಿದ್ದಾಗ ಕೊಟ್ರಯ್ಯನಿಗೆ ನಿಜವಾಗಿಯೂ ಹಗಲಲ್ಲೇ ನಕ್ಷತ್ರ ಕಂಡಿತು.

"ಹೊರು ಎಲ್ಲಾನೂ! ನೆಡು ಅಂಗಳದಲ್ಲಿ!" ನಾಯಕ ಏದುಸಿರು ಬಿಡುತ್ತ ಕೂಗಿದ.

ಕೊಟ್ರಯ್ಯ ಅಳುತ್ತ ಹೊರಟ. ತಿರುವು ದಾಟಿದ ಮೇಲೆ ಓಡಿದ.

ಮನೆಯಲ್ಲಿ ಕೋಲುಗಳನ್ನು ನೆರಳಲ್ಲಿಟ್ಟು, ಕಡಿದ ಕಡೆಯ ಹಾಲು ಆರಿದ ಮೇಲೆ ಅರ್ಧ ಮಣ್ಣೊಳಗೆ, ಅರ್ಧ ಹೊರಗೆ ನೆಟ್ಟ.

"ತಲೆಕೆಳಗಾಯ್ತಲ್ರೀ! ಮೊಗ್ಗು ಮೇಲಕ್ಕಿರಲಿ" ಅಂದಳು ನೀಲವ್ವ.

"ಮೊದಲು ನನ್ನ ಬೆನ್ನಿಗೆ ಎಣ್ಣೆ ಹಚ್ಚೇ!"

"ತಡೀರಿ, ಮೊದಲು ಗಿಡಕ್ಕೆ ನೀರು."

ದಾರಿಹೋಕರು ಪದ್ಧತಿಯಂತೆ ನಕ್ಕರು. ಯುಗಾದಿಯ ಹೊತ್ತಿಗೆ ಕೋಲುಗಳ ತುದಿಯಲ್ಲಿ ಗಿಳಿಕೊಕ್ಕಿನಂಥ ಹಸಿರು ಮೂಡಿತು. ನಗು ಕಡಿಮೆಯಾಯಿತು. ನೀಲವ್ವನಿಗೆ ಮಗಳು ಹುಟ್ಟಿದಳು, ಅಂಬೆಗಾಲಿಟ್ಟಳು, ನಡೆದಳು. ಆಮೇಲೆ ಹಣ್ಣು ಬಿಟ್ಟಿತು. ಮೊದಲನೆಯದನ್ನು ನೀಲವ್ವ ಯಾರಿಗೂ ತೋರಿಸದೆ ತಿಂದಳು. ಬಯಕೆ ಯಾರದು ಮತ್ತೆ?

ಅಲ್ಲಿಂದ ಅರಮನೆಯ ಬಾಗಿಲಲ್ಲಿ ಅಪರಾಧಿಗಳ ಸಾಲು ಶುರುವಾಯಿತು.

"ದೊರೆ, ತಮ್ಮ ಮೀಸೆ ನೋಡಿ ನಕ್ಕೆ. ಅಂಜೂರದ ಕೋಲಲ್ಲೇ ಹೊಡೀರಿ."

"ನಾನು ಕನಸಲ್ಲಿ ತಮ್ಮನ್ನ ಬೈದೆ ಬುದ್ದಿ."

ಪ್ರಜೆಗಳ ಪ್ರಾಮಾಣಿಕತೆಗೆ ನಾಯಕ ಹಿಗ್ಗಿದ. ತೋಳು ನೋಯುವವರೆಗೆ ಹೊಡೆದ. ಮರ ತೆಳ್ಳಗಾಗುತ್ತ ಬಂತು. ಒಂದು ದಿನ ಹಲ್ಲಿಲ್ಲದ ಮುದುಕಿಯೊಬ್ಬಳು ಬೆನ್ನು ಬಗ್ಗಿಸಿ ನಿಂತಳು.

"ನಿಂದೇನಜ್ಜಿ ತಪ್ಪು?"

"ತಪ್ಪು ನೀನೇ ಯಾವುದಾದ್ರೂ ಹಾಕ್ಕೊಳ್ಳಪ್ಪ. ಮೆಲ್ಲಗೆ ಹೊಡೆದು ಕೋಲು ಕೊಡು. ಕೊಟ್ರಯ್ಯನ ಮನೇಲಿ ಎಂಥಾ ಹಣ್ಣು ಬಿಟ್ಟವೆ!"

ನಾಯಕ ಪಟಾಲಮ್ಮಿನೊಂದಿಗೆ ಕೊಟ್ರಯ್ಯನ ಅಂಗಳಕ್ಕೆ ನುಗ್ಗಿದ. ಕೈ ಕತ್ತರಿಸುವ ಕಟುಕ ಕೊಡಲಿ ಹಿಡಿದು ಹಿಂದೆಯೇ ಬಂದ. ಊರೆಲ್ಲ ಬೇಲಿಯಾಚೆ ನೆರೆಯಿತು.

"ನನ್ನ ಮರದ ಕೊಂಬೆ ಕಡಿದ ಕೈ ಯಾವುದೋ? ತೋರಿಸು!"

ಕೊಟ್ರಯ್ಯ ಕೈಮುಗಿದ. "ಬೆರಳು ಮಾಡಿ ತೋರಿಸೋ ಧೈರ್ಯ ನಂಗಿಲ್ಲ ದೊರೆ. ಗುರುತು ಬೇಕಾದರೆ ಹೇಳ್ತೀನಿ. ಅದರಲ್ಲಿ ಮುದ್ರೆಯುಂಗುರ ಇದೆ."

ಕಟುಕ ಎಲ್ಲರ ಕೈ ನೋಡುತ್ತ ಬಂದು ನಾಯಕನ ಕೈಯ ಹತ್ತಿರ ನಿಂತ. ನಾಯಕ ತನ್ನ ಬಲಗೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡ.

"ಮತ್ತೆ... ನೆಟ್ಟಿದ್ದು?"

"ತಮ್ಮ ಅಪ್ಪಣೆ. ಕೀಳು ಅಂತ ಇನ್ನೂ ಆಗಿಲ್ಲ."

ಬೇಲಿಯಾಚೆ ಯಾರೋ ಕಿಸಕ್ಕೆಂದರು. ನಾಯಕನ ಮೀಸೆ ಅದುರಿತು. ಸಿಟ್ಟಿಗೋ ಅಂದುಕೊಂಡರೆ, ಅವನೂ ನಗುತ್ತಿದ್ದ. ಎಡಗೈಯಲ್ಲೇ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ.

"ಭೂಮಂಡಲ ದೊಡ್ಡದಾಯ್ತು ಬಿಡು. ಡಂಗುರ ವಾಪಸ್ಸು!" ಅಂದ. "ಆದರೆ ದೊರೆಗೆ ಮೋಸ ಮಾಡಿದವನನ್ನ ಸುಮ್ಮನೆ ಬಿಟ್ಟರೆ ಹೆಂಗೆ? ನಾಲ್ಕು ಬಾರಿಸಲೇಬೇಕು."

ಬಾಗಿಲ ಹಿಂದಿನಿಂದ ನೀಲವ್ವನ ದನಿ ಬಂತು:

"ಬಾರಿಸಿ ದೊರೆ. ಈ ಸಲ ದಾಳಿಂಬೆ ಕೋಲಲ್ಲಿ."