ಮುಂದೆ ಓಡುವವನ ಹಿಮ್ಮಡಿ

"ಗುರುಗಳೇ, ಪಾಲಯ್ಯನನ್ನು ಹಿಂದೆ ಹಾಕಬೇಕು ಎನ್ನುವುದೊಂದೇ ನನ್ನ ಗುರಿ. ಏಳುವಾಗಲೂ ಅದೇ, ಮಲಗುವಾಗಲೂ ಅದೇ. ಗುರಿ ಇಷ್ಟು ಗಟ್ಟಿಯಾಗಿದ್ದರೂ ನನ್ನ ಓಟ ಇದ್ದಲ್ಲೇ ಇದೆ. ಯಾಕೆ?" ಎಂದು ತಿಪ್ಪೇಶ ಕೇಳಿದ.

ತಿಪ್ಪೇಶ ಓಟಗಾರ. ಗರಡಿಯ ಗುರು ಕಾಟಯ್ಯನವರ ಬಳಿ ಪಳಗುತ್ತಿದ್ದ. ಪಾಲಯ್ಯ ಪಕ್ಕದ ಊರಿನವನು. ಪ್ರತಿ ಪಂದ್ಯದಲ್ಲೂ ಅವನೇ ಮೊದಲು, ಇವನು ಎರಡನೆಯವನು.

ಕಾಟಯ್ಯನವರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ನಾಡಿನಲ್ಲಿ ಒಂದು ಗುಡ್ಡವಿತ್ತು. ಗುಡ್ಡದ ಮೇಲೆ ಕೋಟೆ, ಕೋಟೆಯ ಬಾಗಿಲಲ್ಲಿ ಒಂದು ನಗಾರಿ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಓಡಬಲ್ಲವರೆಲ್ಲ ಊರಬಾಗಿಲಿಂದ ಹೊರಟು ಗುಡ್ಡ ಹತ್ತುತ್ತಿದ್ದರು. ನಗಾರಿಯನ್ನು ಮೊದಲು ಬಾರಿಸಿದವನು ಆ ವರ್ಷ ಪಾಳೆಯಗಾರನ ಓಲೆಕಾರ. ಕೋಟೆಯಿಂದ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಅವನ ತಲೆಗೆ ಕೆಂಪು ರುಮಾಲು, ಮನೆಗೆ ವರ್ಷದ ಕಾಳು.

ನಗಾರಿಯನ್ನು ಪ್ರತಿ ವರ್ಷವೂ ಬಾರಿಸುತ್ತಿದ್ದವನು ಒಬ್ಬ ಕುರುಬ. ಪ್ರತಿ ವರ್ಷವೂ ಅವನ ಹಿಂದೆಯೇ ಬಂದು ನಿಲ್ಲುತ್ತಿದ್ದವನು ಒಬ್ಬ ನೇಕಾರ.

ನೇಕಾರ ಸೋಮಾರಿಯಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಗುಡ್ಡದ ದಾರಿ ಹಿಡಿಯುತ್ತಿದ್ದ. ಆದರೆ ಒಬ್ಬನೇ ಓಡುತ್ತಿರಲಿಲ್ಲ. ಕುರುಬ ಕುರಿ ಹೊಡೆದುಕೊಂಡು ಬರುವುದನ್ನು ಕಾಯುತ್ತಿದ್ದ. ಅವನು ಓಡಿದರೆ ತಾನೂ ಹಿಂದಿನಿಂದ ಓಡುತ್ತಿದ್ದ. ಕುರುಬ ಏನು ಉಣ್ಣುತ್ತಾನೆಂದು ವಿಚಾರಿಸಿ ತಾನೂ ಅದನ್ನೇ ಉಂಡ. ಅವನು ಬರಿಗಾಲಲ್ಲಿ ಓಡುತ್ತಾನೆಂದು ತಾನೂ ಮೆಟ್ಟು ಬಿಟ್ಟ. ಕುರುಬನಿಗೆ ಕೆಮ್ಮು ಎಂದು ಕೇಳಿದ ದಿನ ನೇಕಾರನ ಮನಸ್ಸು ಹಗುರಾಗುತ್ತಿತ್ತು. ಕುರುಬ ಗುಣವಾದನೆಂದು ಕೇಳಿದ ದಿನ ಮಗ್ಗದಲ್ಲಿ ಎಳೆ ತಪ್ಪುತ್ತಿತ್ತು.

"ಮಗ್ಗದ ಮುಂದೆ ಕೂತರೂ ನಿಮಗೆ ಕಾಣೋದು ಆ ಕುರುಬನ ಹಿಮ್ಮಡಿಯೇ" ಎಂದು ಅವನ ಹೆಂಡತಿ ಹೇಳಿದಳು.

"ಅದು ಕಾಣದ ದಿನ ನಾನು ಗೆದ್ದಿರುತ್ತೇನೆ" ಎಂದ ನೇಕಾರ.

ಅಂಥ ದಿನ ಬಂತು. ಒಂದು ವರ್ಷ, ಓಟ ಹತ್ತಿರವಾದಾಗ, ಬಂಡೆಯ ಸಂದಿಗೆ ಬಿದ್ದ ಕುರಿಯೊಂದನ್ನು ಎತ್ತಲು ಹೋಗಿ ಕುರುಬ ಜಾರಿದ. ಕಾಲು ಮುರಿಯಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಇನ್ನು ನಡೆದರೆ ಹೆಚ್ಚು, ಓಟ ಮರೆತುಬಿಡು ಎಂದ.

ಸುದ್ದಿ ಕೇಳಿದವರೆಲ್ಲ ಅಯ್ಯೋ ಎಂದರು. ನೇಕಾರನೂ ಅಯ್ಯೋ ಎಂದ. ಮನೆಗೆ ಬಂದು ಕದ ಹಾಕಿಕೊಂಡ ಮೇಲೆ, ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಆದರೆ ನಾಚಿಕೆ ಬೇಗ ಹೋಯಿತು. ಮಾರನೆಯ ದಿನದಿಂದ ಅವನು ಗುಡ್ಡದ ಕಡೆ ಹೋಗಲಿಲ್ಲ. ಹಿಂದೆ ಹಾಕಬೇಕಾದವನು ಹಾಸಿಗೆ ಹಿಡಿದಿದ್ದ. ಇನ್ನು ಓಡಿ ಏನು ಮಾಡುವುದು?

ಓಟದ ದಿನ ಊರಬಾಗಿಲು ದಾಟಿದೊಡನೆ ನೇಕಾರ ಎಲ್ಲರಿಗಿಂತ ಮುಂದಾದ. ಅವನೆದುರು ಯಾರೂ ಇರಲಿಲ್ಲ. ಬರಿಯ ದಾರಿಯಿತ್ತು. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಿದ್ದರೂ ಅದನ್ನು ಮೊದಲ ಸಲ ನೋಡುತ್ತಿರುವಂತೆ ಅವನಿಗೆ ಅನಿಸಿತು. ಎಲ್ಲಿ ಬಿರುಸಾಗಬೇಕು, ಎಲ್ಲಿ ಉಸಿರು ಹಿಡಿಯಬೇಕು, ತಿಳಿಯಲಿಲ್ಲ. ಅದನ್ನೆಲ್ಲ ಕುರುಬನ ಕಾಲು ತೀರ್ಮಾನಿಸುತ್ತಿತ್ತು. ನೇಕಾರ ತಿರುತಿರುಗಿ ಹಿಂದೆ ನೋಡುತ್ತ ಓಡಿದ. ಏದುಸಿರು ಬಿಡುತ್ತ ಮೇಲೆ ಮುಟ್ಟಿದ. ಉಳಿದವರು ಅವನಿಗಿಂತ ನಿಧಾನದವರಾದ್ದರಿಂದ ನಗಾರಿ ಅವನ ಕೈಗೇ ಸಿಕ್ಕಿತು. ಬಾರಿಸಿದವನು ನಿಲ್ಲಲಾರದೆ ಅಲ್ಲೇ ಕುಸಿದು ಕುಳಿತ. ಕುಳಿತವನ ತಲೆಗೇ ಕೆಂಪು ರುಮಾಲು ಸುತ್ತಿದರು.

ಮೊದಲ ಕೆಲವು ತಿಂಗಳು ಓಲೆಗಳು ಹಗುರವಾಗಿದ್ದವು. ಕಂದಾಯದ ಸುದ್ದಿ, ಮದುವೆಯ ಕರೆ. ಒಂದು ದಿನ ತಡವಾದರೂ ಕೇಳುವವರಿಲ್ಲ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಕೆರೆ ಕಾಯುವವನು ಕೋಟೆಗೆ ಬಂದು, ದೊಡ್ಡ ಕೆರೆಯ ಏರಿ ಬಿರುಕು ಬಿಟ್ಟಿದೆ, ಸಂಜೆಯವರೆಗೆ ತಡೆದರೆ ಪುಣ್ಯ ಎಂದ. ಏರಿಯ ಕೆಳಗೆ, ತಗ್ಗಿನಲ್ಲಿ, ಕುಂಬಾರರ ಹಳ್ಳಿಯಿತ್ತು. ಪಾಳೆಯಗಾರ ಓಲೆಕಾರನನ್ನು ಕರೆದು, ಓಡು ಎಂದ.

ನೇಕಾರ ಓಡಿದ. ದಾರಿ ಗುಡ್ಡದ ದಾರಿಗಿಂತ ಸುಲಭದ್ದು. ಆದರೆ ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ಭಯ ಅವನನ್ನು ಮೊದಲಿನಲ್ಲೇ ಬಾಣದಂತೆ ಓಡಿಸಿತು. ಅರ್ಧ ದಾರಿಗೆ ಉಸಿರು ಮುರಿಯಿತು. ಪಕ್ಕೆ ಹಿಡಿದುಕೊಂಡು ಒಂದು ಮರದ ಬುಡದಲ್ಲಿ ಕುಳಿತ. ಎದ್ದು ನಡೆದ. ಸ್ವಲ್ಪ ಓಡಿದ. ಮತ್ತೆ ನಡೆದ.

ಅವನು ಹಳ್ಳಿ ಮುಟ್ಟಿದಾಗ ಸುದ್ದಿಗಿಂತ ಮೊದಲು ನೀರು ಬಂದಿತ್ತು. ಜನ ಸದ್ದು ಕೇಳಿ ದಿಬ್ಬ ಹತ್ತಿ ಉಳಿದುಕೊಂಡಿದ್ದರು. ಮಡಕೆ ಸುಡುವ ಆವಿಗೆಯ ಪಕ್ಕದ ಗುಡಿಸಲಲ್ಲಿ ಮಲಗಿದ್ದ ಒಬ್ಬ ಮುದುಕಿ ಉಳಿಯಲಿಲ್ಲ. ಆಕೆಗೆ ಕಿವಿ ಕೇಳುತ್ತಿರಲಿಲ್ಲ.

ಅವಳ ಮಗ ದಿಬ್ಬದ ಮೇಲೆ ಕುಳಿತಿದ್ದ. ನೇಕಾರ ಅವನ ಮುಂದೆ ಹೋಗಿ ನಿಂತ. ಕುಂಬಾರನೇ ಅವನನ್ನು ಸಮಾಧಾನಪಡಿಸಿದ.

"ನೀನೇನು ಮಾಡ್ತೀಯಪ್ಪ? ನಾಡಿಗೇ ಮೊದಲನೇ ಓಟಗಾರ ನೀನು. ನಿನಗಿಂತ ಬೇಗ ಯಾರು ಬರೋಕಾಗ್ತಿತ್ತು?"

ಯಾರಾದರೂ ಬೈದಿದ್ದರೆ ನೇಕಾರ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಉತ್ತರ ಅವನಿಗೆ ಗೊತ್ತಿತ್ತು. ಹಿಂದಿನ ವರ್ಷಗಳಲ್ಲಿ, ಎರಡನೆಯವನಾಗಿದ್ದಾಗ, ಅವನೇ ಇದಕ್ಕಿಂತ ಬೇಗ ಓಡಿದ್ದ.

ಅವನು ಮನೆಗೆ ಹೋಗಲಿಲ್ಲ. ಕುರುಬನ ಹಟ್ಟಿಗೆ ಹೋದ. ಕುರುಬ ಕಾಲು ಚಾಚಿಕೊಂಡು ಕಂಬಳಿಯ ನೂಲು ತೆಗೆಯುತ್ತಿದ್ದ. ಅಷ್ಟು ವರ್ಷ ಒಬ್ಬರ ಹಿಂದೆ ಒಬ್ಬರು ಓಡಿದ್ದರೂ ಅವರಿಬ್ಬರೂ ಕುಳಿತು ಮಾತಾಡಿದ್ದು ಅದೇ ಮೊದಲು.

"ಅಣ್ಣಾ, ನಾನು ನಿನ್ನನ್ನು ನೋಡಿಕೊಂಡು ಓಡುತ್ತಿದ್ದೆ. ನಿನ್ನ ಮುಂದೆ ಯಾರೂ ಇರಲಿಲ್ಲ. ನೀನು ಏನು ನೋಡಿಕೊಂಡು ಓಡುತ್ತಿದ್ದೆ?"

"ಒಂದು ವರ್ಷ ಗುಡ್ಡದ ದಾರಿಯ ಹುಣಸೆಮರ ನೋಡಿಕೊಂಡೆ" ಎಂದ ಕುರುಬ. "ಅಲ್ಲಿಯವರೆಗೆ ಬಾಯಿ ತೆರೆಯದೆ ಮೂಗಿನಲ್ಲೇ ಉಸಿರಾಡಬೇಕು ಅಂತ. ಅದು ಕೈಗೂಡಿದ ಮೇಲೆ ಅದರಾಚೆಯ ಆನೆಬಂಡೆಯವರೆಗೆ. ಆಮೇಲೆ ಬಂಡೆಯ ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡೋದು. ಅದಕ್ಕೆ ಎರಡು ಮಳೆಗಾಲ ಹಿಡೀತು."

"ನಗಾರಿಯನ್ನು ನೋಡಲಿಲ್ಲವೇ?"

"ನಗಾರಿ ಎಲ್ಲಿಗೆ ಹೋಗುತ್ತೆ? ಹತ್ತಿದವನಿಗೆ ಅಲ್ಲೇ ಇರುತ್ತೆ."

"ನನ್ನನ್ನು?"

ಕುರುಬ ನೂಲುವುದನ್ನು ನಿಲ್ಲಿಸಿದ. "ತಪ್ಪು ತಿಳಿಯಬೇಡ ತಮ್ಮಾ. ಹಿಂದೆ ಯಾರೋ ಬರುತ್ತಿದ್ದಾರೆ ಅಂತ ಗೊತ್ತಿತ್ತು. ಅದು ಯಾರು ಅಂತ ನಾನು ತಿರುಗಿ ನೋಡಲಿಲ್ಲ."

ಈ ಮಾತು ನೇಕಾರನಿಗೆ ನಾಟಿತು. ತಾನು ಇಷ್ಟು ವರ್ಷ ಯಾರ ಮೇಲೆ ಹಟ ಹಿಡಿದಿದ್ದನೋ ಅವನಿಗೆ ಆ ಹಟದ ಸುಳಿವೇ ಇರಲಿಲ್ಲ. ನನಗೂ ಹೇಳಿಕೊಡು ಎಂದು ಕೇಳಿದ.

"ಹೇಳಿಕೊಡೋದೇನಿದೆ? ನಿನ್ನ ಕೈಲಿರೋದನ್ನು ಒಂದು ಆರಿಸಿಕೋ. ಸಂಜೆ ನಿನ್ನನ್ನು ನೀನು ಕೇಳಿಕೊಂಡರೆ, ಆಯಿತು ಅಂತಲೋ ಆಗಲಿಲ್ಲ ಅಂತಲೋ ಹೇಳೋಕೆ ಬರಬೇಕು. ಅಂಥದ್ದು."

ನೇಕಾರ ಮಾರನೆಯ ದಿನ ಗುಡ್ಡದ ಬುಡದಲ್ಲಿ ನಿಂತ. ಬಾಯಿ ತೆರೆಯದೆ ಕೋಟೆಯವರೆಗೂ ಹೋಗಿಬಿಡುತ್ತೇನೆ ಎಂದು ಆರಿಸಿಕೊಂಡ. ಹುಣಸೆಮರಕ್ಕೇ ಬಾಯಿ ತೆರೆಯಿತು. ಸಂಜೆ, ಹೆಚ್ಚುಕಡಿಮೆ ಆಯಿತು ಎಂದುಕೊಂಡ. ಮರುದಿನವೂ ಹೆಚ್ಚುಕಡಿಮೆ ಆಯಿತು. ವಾರ ಕಳೆಯುವುದರೊಳಗೆ ಅವನಿಗೆ ತನಗೇ ಸುಳ್ಳು ಹೇಳಿಕೊಳ್ಳುವುದು ಅಭ್ಯಾಸವಾಯಿತು. ಅದು ತಿಳಿದಾಗ ಬೇಸರಪಟ್ಟು, ಗುಡ್ಡದ ಬುಡದ ಬಾವಿಯವರೆಗೆ ಸಾಕು ಎಂದು ಗುರಿ ಇಳಿಸಿಕೊಂಡ. ಅದು ದಿನವೂ ಆಯಿತು. ದಿನವೂ ಆಗುವುದನ್ನು ಮಾಡಲು ಬೆಳಿಗ್ಗೆ ಏಳುವುದಕ್ಕೆ ಮನಸ್ಸೇ ಬರಲಿಲ್ಲ.

ಕುರುಬ ಕೋಲೂರಿಕೊಂಡು ಗುಡ್ಡದ ಬುಡದಲ್ಲಿ ಕುರಿ ಮೇಯಿಸುವಷ್ಟು ಸುಧಾರಿಸಿದ್ದ. ಎಲ್ಲವನ್ನೂ ನೋಡುತ್ತಿದ್ದ.

ಕೊನೆಗೆ ನೇಕಾರ ಹುಣಸೆಮರವನ್ನೇ ಆರಿಸಿಕೊಂಡ. ಕೆಲವು ದಿನ ಆಯಿತು, ಕೆಲವು ದಿನ ಆಗಲಿಲ್ಲ. ಆಗದ ದಿನ, ಯಾಕೆ ಆಗಲಿಲ್ಲ ಎಂದು ಹುಡುಕಿದ. ಒಮ್ಮೆ ಹೊರಟದ್ದು ಬಿರುಸಾಗಿತ್ತು. ಒಮ್ಮೆ ಮನಸ್ಸಿನಲ್ಲಿ ಕುಂಬಾರನ ಮುಖವಿತ್ತು. ಆ ಮುಖ ಬಂದ ದಿನ ಅವನು ಅದನ್ನು ದೂಡಲಿಲ್ಲ. ಅದರ ಜೊತೆಗೇ ಉಸಿರು ಹಿಡಿಯುವುದನ್ನು ಕಲಿತ. ಚಳಿಗಾಲದ ಹೊತ್ತಿಗೆ ಹುಣಸೆಮರ ಹಿಂದೆ ಉಳಿಯಿತು. ಅವನು ಆನೆಬಂಡೆಗೆ ಕೈ ಹಾಕಿದ.

ಓಲೆಗಳು ಈಗ ತಡವಾಗುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಹೆಂಡತಿ ಮಾತ್ರ, ಮಗ್ಗದಲ್ಲಿ ಎಳೆ ತಪ್ಪುತ್ತಿಲ್ಲ ಎಂದಳು.

ಸುಗ್ಗಿ ಮುಗಿದು ಮತ್ತೆ ಓಟದ ದಿನ ಬಂತು. ಆ ವರ್ಷ ಕಾಡಂಚಿನಿಂದ ಬಿದಿರುಬುಟ್ಟಿ ಹೆಣೆಯುವ ಒಬ್ಬ ಮೇದರ ತರುಣ ಬಂದಿದ್ದ. ಊರಬಾಗಿಲು ದಾಟಿದ್ದೇ ತಡ, ಅವನು ಜಿಂಕೆಯಂತೆ ಮುಂದೆ ಹೋದ. ಅವನ ಹಿಮ್ಮಡಿ ಕಣ್ಣಿಗೆ ಬಿದ್ದಾಗ ನೇಕಾರನ ಕಾಲು ಹಳೆಯ ಚಾಳಿಯಿಂದ ಒಮ್ಮೆ ಚುರುಕಾಯಿತು. ನೇಕಾರ ಅದನ್ನು ತಡೆದ. ಬಾಯಿ ಮುಚ್ಚಿಕೊಂಡು ಹುಣಸೆಮರ ದಾಟಿದ. ಆನೆಬಂಡೆ ದಾಟಿದ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿದ. ಮೇಲಿಂದ ನಗಾರಿಯ ಸದ್ದು ಕೇಳಿಸಿತು. ಅದನ್ನು ಕೇಳುತ್ತಲೇ ಉಳಿದ ದಾರಿಯನ್ನು ತಾನು ಅಂದುಕೊಂಡಿದ್ದಂತೆಯೇ ಓಡಿದ.

ಕೆಂಪು ರುಮಾಲು ಮೇದರವನ ತಲೆಗೆ ಹೋಯಿತು. ಕೋಟೆಯ ದಳವಾಯಿ ನೇಕಾರನನ್ನು ನೋಡಿ ಕನಿಕರದಿಂದ, "ಹೋದ ವರ್ಷ ಮೊದಲನೆಯವನಾಗಿದ್ದೆ. ಈ ಸಲ ಇಳಿದುಬಿಟ್ಟೆಯಲ್ಲ" ಎಂದ.

"ಹೋದ ವರ್ಷ ಇಲ್ಲಿ ಕುಸಿದು ಕುಳಿತಿದ್ದೆ, ಬುದ್ಧೀ. ಈಗ ನಿಂತಿದ್ದೇನೆ" ಎಂದ ನೇಕಾರ.

ದಳವಾಯಿಗೆ ಅರ್ಥವಾಗಲಿಲ್ಲ. ನೇಕಾರ ಮೇದರ ತರುಣನ ಬಳಿ ಹೋಗಿ, ಕುಂಬಾರರ ಹಳ್ಳಿಯ ದಾರಿಯಲ್ಲಿ ಮೊದಲ ಇಳಿಜಾರಿನಲ್ಲಿ ಬಿರುಸಾಗಬೇಡ, ಉಸಿರು ಉಳಿಸಿಕೋ ಎಂದು ಹೇಳಿದ. ಆಮೇಲೆ ಗುಡ್ಡ ಇಳಿದು ಮನೆಗೆ ಹೋದ.

ಕಾಟಯ್ಯನವರು ಕತೆ ನಿಲ್ಲಿಸಿದರು. ತಿಪ್ಪೇಶ ಮುಂದಿನ ಮಾತಿಗಾಗಿ ಕಾದ. ಅವನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಅದರ ಮರುವರ್ಷವಾದರೂ ನೇಕಾರ ಆ ಮೇದರವನನ್ನು ಹಿಂದೆ ಹಾಕಿದನೇ?"

"ಅದು ಮೇದರವನು ಎಷ್ಟು ಓಡಿದ ಎನ್ನುವ ಕತೆ, ಮಗು; ನಾನು ಹೇಳಿದ್ದು ನೇಕಾರನದು" ಎಂದರು ಕಾಟಯ್ಯನವರು.