ಒಂದು ಬೆರಳಿನ ಸಂದು

“ಗುರುಗಳೇ, ಹೊಳೆಯಾಚೆಯ ಮಠದ ಸ್ವಾಮಿಗಳು ಯಾರನ್ನೂ ಗದರುವುದಿಲ್ಲವಂತೆ. ಅವರ ಬಳಿ ಕುಳಿತರೆ ಮನಸ್ಸಿಗೆ ಹಾಯೆನಿಸುತ್ತದಂತೆ. ನೀವೋ ಕಣ್ಣು ಮುಚ್ಚಲೂ ಬಿಡುವುದಿಲ್ಲ. ನಾನು ಅಲ್ಲಿಗೆ ಹೋಗಲೇ?” ಎಂದು ಶಿಷ್ಯ ಸಂಗಯ್ಯ ಕೇಳಿದ. ಬೆಳಗಿನ ಧ್ಯಾನದಲ್ಲಿ ತೂಕಡಿಸಿ ಬೈಸಿಕೊಂಡಿದ್ದರಿಂದ ಅವನ ಮುಖ ಊದಿತ್ತು.

ಗುರುಗಳಿಗೆ ನಗು ಬಂತು. “ಹೋಗುವೆಯಂತೆ. ಮೊದಲು ಒಂದು ಕತೆ ಕೇಳು” ಎಂದರು.

ಬಯಲುಸೀಮೆಯ ಒಬ್ಬ ವ್ಯಾಪಾರಿ ಕಂಬಳಿ ಮಾರಲು ಹಿಮದ ನಾಡಿಗೆ ಹೊರಟ. ಹಿಮವನ್ನು ಅವನು ಚಿತ್ರದಲ್ಲಿ ಮಾತ್ರ ಕಂಡಿದ್ದ. ಅವನು ಹಿಡಿದ ಬಾಡಿಗೆ ಮೋಟಾರುಗಾಡಿಯ ಚಾಲಕ ಆ ದಾರಿಯಲ್ಲಿ ಪಳಗಿದವನು. ಮಧ್ಯಾಹ್ನ ಬೆಟ್ಟದ ಮೇಲೆ ಹಿಮ ಸುರಿದು ಚಕ್ರಗಳು ಹೂತುಹೋದವು. ಇಳಿದು ನಡೆಯೋಣ ಎಂದ ವ್ಯಾಪಾರಿಯನ್ನು ಚಾಲಕ ತಡೆದ. ಹಿಮ ಸರಿಸಿ ದಾರಿ ಬಿಡಿಸುವವರು ಬರುವ ತನಕ ಗಾಡಿಯೇ ಮನೆ ಎಂದ.

ಚಳಿ ತಡೆಯಲಾಗದಾಗ ಅವನು ಸ್ವಲ್ಪ ಹೊತ್ತು ಎಂಜಿನ್ ಓಡಿಸುತ್ತಿದ್ದ. ಪ್ರತಿ ಸಲವೂ ಮೊದಲು ಕೆಳಗಿಳಿದು, ಹೊಗೆಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ಕೆದಕಿ ತೆಗೆಯುತ್ತಿದ್ದ. ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದೇ ಇಟ್ಟಿದ್ದ. ಆ ಸಂದಿನಿಂದ ಬರುವ ಗಾಳಿಗೆ ವ್ಯಾಪಾರಿ ಮನಸಾರೆ ಶಾಪ ಹಾಕುತ್ತಿದ್ದ.

ಕೆದಕಿ ಕೆದಕಿ ಚಾಲಕ ಸೋತುಹೋದ. “ಸಾವ್ಕಾರ್ರೇ, ನಂಗೆ ಕಣ್ಣು ಹತ್ತಿದ್ರೆ ಎಬ್ಬಿಸಿಬಿಡಿ” ಎಂದ. ಎಂಜಿನ್ ಓಡುತ್ತಿರುವಾಗಲೇ ಅವನಿಗೆ ಕಣ್ಣು ಹತ್ತಿತು.

ವ್ಯಾಪಾರಿ ಮೃದು ಮನಸ್ಸಿನವನು. ಮಲಗಿದವರನ್ನು ಎಬ್ಬಿಸುವುದು ಪಾಪವೆಂದು ಅವನ ಮನೆಯಲ್ಲಿ ಹೇಳಿಕೊಟ್ಟಿದ್ದರು. ಪಾಪ, ದಣಿದಿದ್ದಾನೆ, ಮಲಗಲಿ ಎಂದುಕೊಂಡ. ಅವನಿಗೊಂದು ಕಂಬಳಿ ಹೊದಿಸಿದ. ಇನ್ನೊಂದನ್ನು ಕಿಟಕಿಯ ಸಂದಿಗೆ ತುರುಕಿದ. ಗಾಡಿಯೊಳಗೆ ಬೆಚ್ಚಗಾಯಿತು.

ಹೊರಗೆ ಹಿಮ ಬೀಳುತ್ತಲೇ ಇತ್ತು. ಕೊಳವೆಯ ಬಾಯಿ ಮುಚ್ಚಿಹೋಗಿ ಎಂಜಿನ್ನಿನ ವಿಷಗಾಳಿ ಒಳಗೆ ನುಸುಳಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವ್ಯಾಪಾರಿಗೆ ತಲೆ ಭಾರವಾಯಿತು. ಬೆಟ್ಟದ ಎತ್ತರಕ್ಕೆ ಹೀಗಾಗುತ್ತದೆ ಎಂದುಕೊಂಡ. ಆಮೇಲೆ ಅದೂ ಹಿತವಾಗಿಯೇ ಇದೆ ಅನ್ನಿಸಿತು.

ಚಾಲಕನ ಕಂಬಳಿ ಜಾರಿತು. ಸರಿಪಡಿಸಲು ಹೋದ ವ್ಯಾಪಾರಿಯ ಕೈಗೆ ಅವನ ಕೈ ತಗುಲಿ, ಜೀವವಿಲ್ಲದಂತೆ ಕೆಳಗೆ ಬಿತ್ತು. ಕೂಗಿದರೆ ಓಗೊಡಲಿಲ್ಲ. ಹೊಡೆದರೂ ಏಳಲಿಲ್ಲ. ಗಾಬರಿಯಿಂದ ವ್ಯಾಪಾರಿ ಏಳಲು ಹೋದರೆ ಅವನ ಕಾಲೂ ಮಾತು ಕೇಳಲಿಲ್ಲ. ಹೇಗೋ ಬಾಗಿಲು ತಳ್ಳಿ ಹಿಮದ ಮೇಲೆ ಮುಖ ಅಡಿಯಾಗಿ ಬಿದ್ದ. ಅವನು ಬೈದ ಅದೇ ಗಾಳಿ ಎದೆಯೊಳಗೆ ಹೋಯಿತು. ತೆವಳುತ್ತ ಎದ್ದು, ಚಾಲಕನ ಕಾಲು ಹಿಡಿದು ದರದರ ಹೊರಗೆಳೆದ.

ಬಹಳ ಹೊತ್ತಾದ ಮೇಲೆ ಚಾಲಕ ಕೆಮ್ಮಿದ. “ಎಬ್ಬಿಸಿ ಅಂದಿದ್ನಲ್ಲ!”

“ಅಷ್ಟು ಹಾಯಾಗಿ ಮಲಗಿದ್ದೆಯಲ್ಲಪ್ಪಾ” ಎಂದು ವ್ಯಾಪಾರಿ ಅತ್ತ.

“ಮಲಗಿರ್ಲಿಲ್ಲ ಸಾವ್ಕಾರ್ರೇ. ಸಾಯ್ತಾ ಇದ್ದೆ.”

ಕತ್ತಲಾಗುವ ಮುಂಚೆ ದಾರಿ ಬಿಡಿಸುವವರು ಬಂದರು. ಅಲ್ಲಿಯ ತನಕ ಎಂಜಿನ್ ಆರಿಸಿ, ಕಿಟಕಿ ತೆರೆದು ಕುಳಿತು, ನಿದ್ದೆ ಹತ್ತದಂತೆ ಇಬ್ಬರೂ ಒಬ್ಬರನ್ನೊಬ್ಬರು ಚಿವುಟುತ್ತಿದ್ದರಂತೆ.

ಕತೆ ಮುಗಿಸಿ ಗುರುಗಳು ಸಂಗಯ್ಯ ಆಗಲೇ ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ತಾವೇ ಎತ್ತಿ ಅವನ ಕೈಗಿಟ್ಟರು.

“ಹೋಗಿ ಬಾ, ಆದರೆ ಅಲ್ಲಿ ತೀರಾ ಹಾಯೆನಿಸಿದ ದಿನ, ನಿನ್ನ ಕಾಲು ಹಿಡಿದು ಎಳೆಯುವವರು ಯಾರಾದರೂ ಇದ್ದಾರೆಯೇ ನೋಡಿಕೋ.”